ತಪ್ಪಿದ ಲೆಕ್ಕದ ಮುಂದೆ ಒಬ್ಬರೇ ಕುಳಿತಾಗ: ಹದಿಹರೆಯದ ಮಕ್ಕಳ ಸ್ವಕಲಿಕೆಗೆ ಗಣಿತ ಪಠ್ಯಕ್ರಮ ಆರಿಸುವ ಬಗೆ

ಮಗಳಿಗೆ ಹದಿಮೂರು ತುಂಬಿದ ವರ್ಷ ಅವಳ ಗಣಿತವನ್ನು ಅವಳ ಕೈಗೇ ಒಪ್ಪಿಸಿದೆವು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದ ಹುಡುಗಿ. ಬೀಜಗಣಿತ ಹೇಳಿಕೊಡುವಷ್ಟು ಧೈರ್ಯ ನನಗಿರಲಿಲ್ಲ. ವೀಡಿಯೊ ಪಾಠ, ಪರದೆಯ ಮೇಲೆ ಅಭ್ಯಾಸ, ತಾನಾಗಿಯೇ ಅಂಕ ಹಾಕುವ ವ್ಯವಸ್ಥೆ ಎಲ್ಲವೂ ಇದ್ದ ಒಂದು ಬಹುಮಾಧ್ಯಮ ಪಠ್ಯಕ್ರಮವನ್ನು ಕೊಂಡೆವು. ಆರು ವಾರ ಎಲ್ಲವೂ ಸುಸೂತ್ರವಾಗಿತ್ತು. ದಿನಕ್ಕೆರಡು ವೀಡಿಯೊ ನೋಡುತ್ತಿದ್ದಳು, ಕೇಳಿದರೆ ‘ಅರ್ಥವಾಯಿತು’ ಎನ್ನುತ್ತಿದ್ದಳು. ಅವಳ ನೋಟ್‌ಬುಕ್‌ನಲ್ಲಿ ಒಂದೇ ಒಂದು ಕಾಟು ಇರಲಿಲ್ಲ. ಅದನ್ನು ನೋಡಿ ನಾನು ಹೆಮ್ಮೆಪಟ್ಟಿದ್ದೆ, ಅನುಮಾನ ಪಡಬೇಕಿತ್ತು.

ಏಳನೆಯ ವಾರ ಒಂದು ಖಾಲಿ ಹಾಳೆ ಕೊಟ್ಟು, ಅ ಮತ್ತು ಬ ಎಂಬ ಎರಡು ಸಂಖ್ಯೆಗಳ ಮೊತ್ತದ ವರ್ಗವನ್ನು ಬಿಡಿಸಿ ಬರೆಯಲು ಹೇಳಿದೆ. ಅ ವರ್ಗ, ಬ ವರ್ಗ ಇವೆರಡನ್ನು ಬರೆದು ನಡುವೆ ಒಂದು ಕೂಡುವ ಚಿಹ್ನೆ ಹಾಕಿ ಕೊಟ್ಟಳು. ನಡುವೆ ಬರಬೇಕಾದ, ಎರಡರ ಗುಣಲಬ್ಧದ ಇಮ್ಮಡಿ ಮಾಯವಾಗಿತ್ತು. ಆ ತಂತ್ರಾಂಶದ ದಾಖಲೆಯನ್ನು ತೆರೆದು ನೋಡಿದೆ. ಅದೇ ತಪ್ಪನ್ನು ಅವಳು ನಾಲ್ಕು ಬಾರಿ ಮಾಡಿದ್ದಳು. ನಾಲ್ಕು ಬಾರಿಯೂ ಅದು ಕೆಂಪು ಗುರುತು ಹಾಕಿ, ಸರಿಯುತ್ತರವನ್ನು ತೋರಿಸಿ ಮುಂದಕ್ಕೆ ಕಳುಹಿಸಿತ್ತು. ಅವಳು ಆ ಉತ್ತರವನ್ನು ಅಂದವಾಗಿ ನೋಟ್‌ಬುಕ್‌ಗೆ ಇಳಿಸಿಕೊಂಡಿದ್ದಳು. 3 ಮತ್ತು 4ನ್ನು ಹಾಕಿ ನೋಡು, 7ರ ವರ್ಗ 49, ನಿನ್ನ ಲೆಕ್ಕದ ಪ್ರಕಾರ 25 ಬರುತ್ತದೆ, ಎಲ್ಲಿ ಹೋಯಿತು ಉಳಿದ 24 ಎಂದು ಅವಳನ್ನು ಕೇಳಿದವರೇ ಇರಲಿಲ್ಲ.

ಅಂದಿನಿಂದ ನಾನು ಯಾವ ಗಣಿತ ಪಠ್ಯಕ್ರಮವನ್ನು ನೋಡಿದರೂ ಮೊದಲು ಕೇಳುವ ಪ್ರಶ್ನೆ ಒಂದೇ. ಮಗುವಿನ ಉತ್ತರ ತಪ್ಪಾದ ಕ್ಷಣದಲ್ಲಿ ಇದು ಏನು ಮಾಡುತ್ತದೆ? ಪಾಠ ಹೇಳುವವರ ದನಿ, ಚಿತ್ರಗಳ ಸೊಗಸು, ಬಣ್ಣ, ಬಹುಮಾನದ ನಕ್ಷತ್ರಗಳು ಇವೆಲ್ಲ ಆಮೇಲಿನ ಮಾತು. ಪಕ್ಕದಲ್ಲಿ ಗುರು ಇಲ್ಲದೆ ಕಲಿಯುವವರಿಗೆ ಪಾಠದ ಕೊರತೆ ಈಗ ಇಲ್ಲವೇ ಇಲ್ಲ. ಕೊರತೆ ಇರುವುದು ತಪ್ಪನ್ನು ಹಿಡಿದು ತೋರಿಸುವ ಕೈಯದು.

ವೀಡಿಯೊ ಕಲಿಸುತ್ತದೆ ಎಂಬ ನಂಬಿಕೆ

ಸ್ಪಷ್ಟವಾದ ವೀಡಿಯೊ ಎಂದರೆ ಒಳ್ಳೆಯ ವೀಡಿಯೊ ಎಂದು ನಾವೆಲ್ಲ ನಂಬಿರುತ್ತೇವೆ. ಡೆರೆಕ್ ಮುಲ್ಲರ್ ಎಂಬ ಸಂಶೋಧಕರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಮುಗಿಸಿದ ತಮ್ಮ ಡಾಕ್ಟರೇಟ್ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ಅವರ ವಿಷಯ ಭೌತಶಾಸ್ತ್ರ. ಒಂದು ಬಗೆಯ ವೀಡಿಯೊದಲ್ಲಿ ನೇರವಾದ, ತಿಳಿಯಾದ ವಿವರಣೆ ಇತ್ತು. ಇನ್ನೊಂದರಲ್ಲಿ, ವಿದ್ಯಾರ್ಥಿಗಳ ತಲೆಯಲ್ಲಿ ಸಾಮಾನ್ಯವಾಗಿ ಇರುವ ತಪ್ಪು ಕಲ್ಪನೆಯನ್ನು ಒಬ್ಬರು ಆಡಿ ತೋರಿಸಿ, ಇನ್ನೊಬ್ಬರು ಅದನ್ನು ಪ್ರಶ್ನಿಸುವ ಸಂಭಾಷಣೆ ಇತ್ತು. ಮೊದಲನೆಯದನ್ನು ನೋಡಿದವರು ಬಹಳ ಸ್ಪಷ್ಟವಾಗಿದೆ ಎಂದರು. ಅವರ ಅಂಕಗಳು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಎರಡನೆಯದನ್ನು ನೋಡಿದವರು ಗೊಂದಲವಾಯಿತು ಎಂದರು. ಅವರ ಅಂಕಗಳು ಏರಿದವು.

ನಮ್ಮ ಮಾತಿನಲ್ಲಿ ಹೇಳುವುದಾದರೆ ಇನ್ನೊಬ್ಬರು ಬಿಡಿಸಿ ತೋರಿಸಿದ ಲೆಕ್ಕ ಕನ್ನಡಿಯೊಳಗಿನ ಗಂಟು. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಗಣಿತದ ವೀಡಿಯೊ ಪಾಠದಲ್ಲಿ ನಾನು ಈಗ ನೋಡುವುದು ಎರಡೇ ಸಂಗತಿ: ಅದು ಚಿಕ್ಕದಾಗಿದೆಯೇ, ನಡುವೆ ನಿಲ್ಲಿಸಿ ಮಗುವಿನ ಕೈಯಿಂದ ಏನಾದರೂ ಬರೆಸುತ್ತದೆಯೇ. ಚಿಕ್ಕದಾಗಿರಬೇಕು ಎನ್ನುವುದಕ್ಕೆ ಆಧಾರವಿದೆ. ಎಡ್‌ಎಕ್ಸ್ ಜಾಲತಾಣದ ಕೋರ್ಸ್‌ಗಳಲ್ಲಿ 69 ಲಕ್ಷ ಬಾರಿ ವೀಡಿಯೊ ನೋಡಿದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೀಡಿಯೊ ಎಷ್ಟೇ ಉದ್ದವಾಗಿದ್ದರೂ ನೋಡುಗರು ಅದರಲ್ಲಿ ತೊಡಗಿಕೊಳ್ಳುವ ಮಧ್ಯಾಂಕ ಅವಧಿ ಆರು ನಿಮಿಷ ಮೀರಲಿಲ್ಲ. ಅವರಲ್ಲಿ ಹೆಚ್ಚಿನವರು ತಾವೇ ಆಸಕ್ತಿಯಿಂದ ಸೇರಿದವರು. ಹದಿನಾಲ್ಕರ ಹುಡುಗನಿಗೆ ನಲವತ್ತು ನಿಮಿಷದ ಉಪನ್ಯಾಸ ತೋರಿಸುವ ಮುಂಚೆ ಇದನ್ನು ನೆನೆಯಬೇಕು.

ಆಯ್ಕೆಗಳ ಮುಂದೆ ನಿಂತು

ಟೀಚಿಂಗ್ ಟೆಕ್ಸ್ಟ್‌ಬುಕ್ಸ್ ಎಂಬುದು ಮನೆಯಲ್ಲಿ ಕಲಿಯುವ ಮಕ್ಕಳಿಗಾಗಿಯೇ ಹುಟ್ಟಿದ ಪಠ್ಯಕ್ರಮ. ಮೊದಲು ಸಿ.ಡಿ.ಗಳಲ್ಲಿ ಬರುತ್ತಿತ್ತು, ಈಗ ಚಂದಾ ಕಟ್ಟಿ ಬಳಸುವ ಆ್ಯಪ್ ಆಗಿದೆ. ದನಿ ಮತ್ತು ಚಲಿಸುವ ಚಿತ್ರಗಳ ಕಿರು ಪಾಠ, ಅದರ ಬೆನ್ನಿಗೆ ಲೆಕ್ಕಗಳು. ಉತ್ತರ ಒತ್ತಿದ ಕೂಡಲೇ ಸರಿಯೋ ತಪ್ಪೋ ಗೊತ್ತಾಗುತ್ತದೆ, ಅಂಕಪಟ್ಟಿ ತಂದೆತಾಯಿಗೆ ಕಾಣುತ್ತದೆ. ತಪ್ಪಿದ ಲೆಕ್ಕಕ್ಕೆ ಹಂತ ಹಂತವಾಗಿ, ದನಿಯೊಂದಿಗೆ, ಬಿಡಿಸಿ ತೋರಿಸುವ ವಿವರಣೆ ಸಿದ್ಧವಾಗಿರುತ್ತದೆ. ಈ ಒಂದು ಗುಣಕ್ಕಾಗಿ ಅದನ್ನು ಮೆಚ್ಚುತ್ತೇನೆ. ಗಣಿತವೆಂದರೆ ಕಣ್ಣೀರು ಹಾಕುವ ಮಗುವಿಗೆ, ಹೊರಗೆ ದುಡಿದು ಸಂಜೆ ಮಾತ್ರ ಸಿಗುವ ತಂದೆತಾಯಿಗೆ ಇದು ದೊಡ್ಡ ಆಸರೆ.

ಆದರೆ ಆ ವಿವರಣೆಯನ್ನು ನೋಡಲೇಬೇಕು ಎಂಬ ಒತ್ತಾಯ ಇರುವುದಿಲ್ಲ. ದಾಟಿ ಹೋಗುವ ಮಗು ದಾಟಿಯೇ ಹೋಗುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಪಠ್ಯದ ಹೆಸರಿನಲ್ಲಿರುವ ಅಂಕಿಯನ್ನು ತರಗತಿಯ ಅಂಕಿ ಎಂದು ತಿಳಿಯಬಾರದು. ಇತರ ಪಠ್ಯಕ್ರಮಗಳಿಗೆ ಹೋಲಿಸಿದರೆ ಇದರ ನಡಿಗೆ ನಿಧಾನ. ನಿಧಾನ ಎಂಬುದು ದೋಷವಲ್ಲ. ಬುಡ ಸಡಿಲವಾಗಿರುವ ಮಗುವಿಗೆ ಅದೇ ಮದ್ದು. ಮುಂದೆ ಎಂಜಿನಿಯರಿಂಗೋ ಭೌತಶಾಸ್ತ್ರವೋ ಬೇಕು ಎನ್ನುವ ಮಗುವಿಗೆ ಮಾತ್ರ ಇದರ ಕೊನೆಯಲ್ಲಿ ದಾರಿ ನಿಂತುಹೋಗುತ್ತದೆ, ಏಕೆಂದರೆ ಕಲನಶಾಸ್ತ್ರದ (ಕ್ಯಾಲ್ಕುಲಸ್) ಹೊಸ್ತಿಲಿನವರೆಗೆ ಮಾತ್ರ ಇದು ಕರೆದೊಯ್ಯುತ್ತದೆ. ಮೊದಲ ಹದಿನೈದು ಪಾಠಗಳನ್ನು ಉಚಿತವಾಗಿ ನೋಡಬಹುದು, ಮಟ್ಟ ನಿರ್ಧರಿಸುವ ಪರೀಕ್ಷೆಗಳೂ ಉಚಿತವಾಗಿವೆ. ಅವನ್ನು ಬಳಸದೆ ಚಂದಾ ಕಟ್ಟಬೇಡಿ.

ಖಾನ್ ಅಕಾಡೆಮಿಯನ್ನು ಎಲ್ಲರೂ ಬಲ್ಲರು. ಅಮೆರಿಕದ ಸಲ್ಮಾನ್ ಖಾನ್ 2004ರಲ್ಲಿ ದೂರದ ಊರಿನಲ್ಲಿದ್ದ ಸೋದರಸಂಬಂಧಿ ನಾದಿಯಾಗೆ ಗಣಿತ ಹೇಳಿಕೊಡಲು ಆರಂಭಿಸಿ, 2006ರಲ್ಲಿ ಯೂಟ್ಯೂಬ್‌ಗೆ ವೀಡಿಯೊ ಹಾಕತೊಡಗಿ, 2008ರಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿದರು. ಇಂದು ಪ್ರಾಥಮಿಕ ಗಣಿತದಿಂದ ಕಲನಶಾಸ್ತ್ರ ಮತ್ತು ಅದರಾಚೆಯವರೆಗೆ ಉಚಿತವಾಗಿ ಕಲಿಯಬಹುದು. ತಪ್ಪಿದ ಲೆಕ್ಕದ ಮಟ್ಟಿಗೆ ಅದು ಕೊಡುವುದು ಸುಳಿವುಗಳ ಸರಣಿ: ಒಂದೊಂದೇ ಹಂತವನ್ನು ತೆರೆದು ನೋಡಬಹುದು, ಪಕ್ಕದಲ್ಲೇ ಸಂಬಂಧಪಟ್ಟ ವೀಡಿಯೊ. ಮೊದಲ ಸುಳಿವು ನೋಡಿ ನಿಲ್ಲಿಸಿ ತಾನೇ ಮುಂದುವರಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ. ಎಲ್ಲ ಸುಳಿವುಗಳನ್ನೂ ಒಂದೇ ಉಸಿರಿಗೆ ತೆರೆದು ಕೊನೆಯ ಸಾಲನ್ನು ನಕಲು ಮಾಡುವ ಮಗುವಿಗೆ ಇದು ನನ್ನ ಮಗಳ ಹಳೆಯ ಕಥೆಯೇ.

ಖಾನ್ ಅಕಾಡೆಮಿಯ ಅಭ್ಯಾಸಗಳಲ್ಲಿ ಒಂದು ಪಟ್ಟಿನಲ್ಲಿ ಒಂದೇ ಜಾತಿಯ ಲೆಕ್ಕಗಳು ಬರುತ್ತವೆ. ನಾಲ್ಕು ಸರಿಯಾದರೆ ಮಗುವಿಗೆ ಗೆದ್ದೆನೆಂಬ ಭಾವ. ಆ ಗೆಲುವು ಎಷ್ಟು ಗಟ್ಟಿ ಎಂಬುದು ಘಟಕ ಪರೀಕ್ಷೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಇಡೀ ಕೋರ್ಸ್‌ನಿಂದ ಪ್ರಶ್ನೆ ಕಲೆಸಿ ಕೇಳುವ ಕೋರ್ಸ್ ಸವಾಲಿನಲ್ಲಿ ಬಯಲಾಗುತ್ತದೆ. ಆದ್ದರಿಂದ ನಾನು ಅದನ್ನು ಹಿಂದಿನಿಂದ ಬಳಸುತ್ತೇನೆ: ಮೊದಲು ಕೋರ್ಸ್ ಸವಾಲು, ಅದರಲ್ಲಿ ಎಡವಿದ ಕಡೆ ಅಭ್ಯಾಸ, ಅಲ್ಲೂ ಎಡವಿದರೆ ಮಾತ್ರ ವೀಡಿಯೊ. ಇದನ್ನು ಏಕೈಕ ಪಠ್ಯಕ್ರಮವಾಗಿ ಇಟ್ಟುಕೊಂಡು ಚೆನ್ನಾಗಿ ಕಲಿತ ಮಕ್ಕಳಿದ್ದಾರೆ. ನನ್ನ ಅನುಭವದಲ್ಲಿ ಮಾತ್ರ ಇದು ಮತ್ತೊಂದು ಪಠ್ಯದ ಜೊತೆಗಾರನಾಗಿ ಹೆಚ್ಚು ಬೆಳಗುತ್ತದೆ, ಏಕೆಂದರೆ ಎಷ್ಟು ಕೆಲಸ ಮುಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ಗೆರೆಯನ್ನು ಇದು ತಾನಾಗಿ ಎಳೆಯುವುದಿಲ್ಲ. ಹದಿಹರೆಯದವರಿಗೆ ಆ ಗೆರೆ ಬೇಕು.

ಈ ‘ಒಂದೇ ಜಾತಿಯ ಲೆಕ್ಕ’ದ ಪ್ರಶ್ನೆ ಬಂದಾಗ ಸ್ಯಾಕ್ಸನ್ ಪಠ್ಯದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಜಾನ್ ಸ್ಯಾಕ್ಸನ್ ಅಮೆರಿಕದ ವಾಯುಪಡೆಯಿಂದ ನಿವೃತ್ತರಾದ ಮೇಲೆ ಒಕ್ಲಹೋಮಾದ ಒಂದು ಕಾಲೇಜಿನಲ್ಲಿ ಬೀಜಗಣಿತ ಕಲಿಸಿದವರು. ಕಲಿತದ್ದನ್ನು ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ಮರೆಯುವುದನ್ನು ಕಂಡು ಪಠ್ಯವನ್ನೇ ಬೇರೆ ರೀತಿ ಹೆಣೆದರು; ಅವರ ಮೊದಲ ಬೀಜಗಣಿತ ಪುಸ್ತಕ 1981ರಲ್ಲಿ ಬಂತು. ಪ್ರತಿ ಪಾಠದಲ್ಲಿ ಹೊಸ ವಿಷಯ ಒಂದು ಚೂರು ಮಾತ್ರ. ಆಮೇಲೆ ಸುಮಾರು ಮೂವತ್ತು ಲೆಕ್ಕಗಳು. ಅವುಗಳಲ್ಲಿ ಹೊಸ ವಿಷಯದವು ಬೆರಳೆಣಿಕೆಯಷ್ಟು, ಉಳಿದವೆಲ್ಲ ಹಿಂದಿನ ಹತ್ತಾರು ಪಾಠಗಳಿಂದ ಕಲೆಸಿದವು.

ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, ಮುಚ್ಚುಮರೆ ಏಕೆ. ಆದರೆ ಕಲೆಸಿದ ಅಭ್ಯಾಸದ ಬಲವನ್ನು ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಎತ್ತಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿತರು. ಒಂದು ಗುಂಪಿಗೆ ಒಂದೊಂದು ಆಕೃತಿಯ ಲೆಕ್ಕಗಳನ್ನು ಸಾಲಾಗಿ ಕೊಟ್ಟರು, ಇನ್ನೊಂದಕ್ಕೆ ನಾಲ್ಕನ್ನೂ ಕಲೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರು ಶೇ. 89ರಷ್ಟು ಸರಿ ಮಾಡಿದರು, ಕಲೆಸಿ ಮಾಡಿದವರು ಶೇ. 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರು ಶೇ. 20ಕ್ಕೆ ಕುಸಿದರೆ ಕಲೆಸಿ ಮಾಡಿದವರು ಶೇ. 63ರಲ್ಲಿದ್ದರು. ಯಾವ ಸೂತ್ರ ಬಳಸಬೇಕು ಎಂದು ಆರಿಸುವುದೇ ಲೆಕ್ಕದ ಅರ್ಧ ಕೆಲಸ. ಒಂದೇ ಜಾತಿಯವನ್ನು ಸಾಲಾಗಿ ಕೊಟ್ಟರೆ ಆ ಅರ್ಧ ಕೆಲಸವನ್ನು ಪುಸ್ತಕವೇ ಮಾಡಿಕೊಟ್ಟಂತೆ.

ಸ್ಯಾಕ್ಸನ್‌ನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಒಂದು ಪುಟ್ಟ ಏರ್ಪಾಡು. ಪ್ರತಿ ಲೆಕ್ಕದ ಪಕ್ಕದಲ್ಲಿ ಆವರಣದೊಳಗೆ ಒಂದು ಅಂಕಿ ಇರುತ್ತದೆ; ಆ ವಿಷಯವನ್ನು ಮೊದಲು ಹೇಳಿದ ಪಾಠದ ಸಂಖ್ಯೆ ಅದು. ಲೆಕ್ಕ ತಪ್ಪಿತೇ? ಯಾವ ಪಾಠಕ್ಕೆ ಮರಳಬೇಕೆಂದು ಅಲ್ಲೇ ಬರೆದಿದೆ. ಈ ಪುಸ್ತಕದಿಂದ ಕಲಿಯುವ ನನ್ನ ಮಗನ ವಾರದ ತಪ್ಪುಗಳಲ್ಲಿ ಒಂದೇ ಅಂಕಿ ಮೂರು ಸಲ ಕಂಡರೆ, ಗಣಿತ ಬಾರದ ನನಗೂ ರೋಗ ಎಲ್ಲಿದೆ ಎಂದು ತಿಳಿಯುತ್ತದೆ. ಪುಸ್ತಕ ತಾನೇ ಮಾತನಾಡುವುದಿಲ್ಲ ನಿಜ. ಆದರೆ ಡೈವ್ ಮುಂತಾದ ಬೇರೆಯವರು ಪ್ರತಿ ಪಾಠಕ್ಕೂ ಬಿಳಿಹಲಗೆಯ ಮೇಲೆ ಬರೆದು ವಿವರಿಸುವ ವೀಡಿಯೊಗಳನ್ನು ಮಾಡಿದ್ದಾರೆ. ಎರಡನ್ನೂ ಸೇರಿಸಿದರೆ ಪೂರ್ಣ ಸ್ವಕಲಿಕೆಯ ಪಠ್ಯಕ್ರಮವಾಗುತ್ತದೆ.

ಕುಂದು ಇಲ್ಲವೆಂದಲ್ಲ. ವಿಷಯವನ್ನು ಚೂರು ಚೂರಾಗಿ ಕೊಡುವುದರಿಂದ ಇಡೀ ಮರ ಕಾಣುವುದು ತಡ. ‘ಇದೆಲ್ಲ ಏಕೆ’ ಎಂದು ಕೇಳುವ ಮಗು ಇಲ್ಲಿ ಉಸಿರುಗಟ್ಟುತ್ತದೆ. ಹಳೆಯ ಆವೃತ್ತಿಗಳಲ್ಲಿ ರೇಖಾಗಣಿತವನ್ನು ಬೀಜಗಣಿತದ ಪುಸ್ತಕಗಳೊಳಗೇ ಹಂಚಿದ್ದಾರೆ, ನಾಲ್ಕನೆಯ ಆವೃತ್ತಿಯಲ್ಲಿ ಅದು ಬೇರೆ ಪುಸ್ತಕವಾಗಿದೆ. ಹಳೆಯ ಪುಸ್ತಕ ಕೈಗೆ ಬಂದರೆ ಯಾವ ಆವೃತ್ತಿ ಎಂದು ನೋಡಿ. ವೀಡಿಯೊ ಕೂಡ ಅದೇ ಆವೃತ್ತಿಯದಾಗಿರಬೇಕು, ಇಲ್ಲವಾದರೆ ಪಾಠದ ಸಂಖ್ಯೆಗಳೇ ಹೊಂದುವುದಿಲ್ಲ.

ಮ್ಯಾಥ್-ಯು-ಸೀ ಇದಕ್ಕೆ ತದ್ವಿರುದ್ಧ. ಒಂದು ಮಟ್ಟಕ್ಕೆ ಸುಮಾರು ಮೂವತ್ತು ಪಾಠ, ಪಾಠಕ್ಕೊಂದು ವೀಡಿಯೊ, ಒಂದು ವಿಷಯ ಕೈವಶವಾಗುವವರೆಗೆ ಅಲ್ಲೇ ನಿಲ್ಲುವ ಕ್ರಮ. ಬಣ್ಣದ ತುಂಡುಗಳನ್ನು ಜೋಡಿಸಿ ಬಹುಪದೋಕ್ತಿಗಳ ಗುಣಾಕಾರವನ್ನು ಆಯತವಾಗಿ ಕಾಣಿಸುತ್ತಾರೆ. ನನ್ನ ಮಗಳು ಕಳೆದುಕೊಂಡಿದ್ದ ಆ ನಡುವಿನ ಪದ ಅಲ್ಲಿ ಎರಡು ಆಯತಗಳಾಗಿ ಕಣ್ಣೆದುರೇ ಬಿದ್ದಿರುತ್ತದೆ, ಅದನ್ನು ಮರೆಯಲು ಸಾಧ್ಯವೇ ಇಲ್ಲ. ಮುಂದಿನ ಪಾಠಕ್ಕೆ ಹೋಗುವ ಮುಂಚೆ ಮಗು ತಾನು ಕಲಿತದ್ದನ್ನು ದೊಡ್ಡವರಿಗೆ ತಿರುಗಿ ಕಲಿಸಬೇಕು ಎಂಬ ನಿಯಮ ಇದರ ಪ್ರಾಣ. ಆ ನಿಯಮವನ್ನು ಕೈಬಿಟ್ಟು ಬರೀ ಅಭ್ಯಾಸದ ಹಾಳೆ ತುಂಬಿಸಿದರೆ ಇದು ಸಾಧಾರಣ ಪಠ್ಯಕ್ರಮ. ತೀರ ಸ್ವತಂತ್ರವಾಗಿ ಕಲಿಯಬಯಸುವ ಹದಿನಾರರ ಮಗುವಿಗಿಂತ, ಬೀಜಗಣಿತಕ್ಕೆ ಈಗಷ್ಟೇ ಕಾಲಿಡುವ ಹನ್ನೆರಡು ಹದಿಮೂರರ ಮಗುವಿಗೆ ಇದು ಒಗ್ಗುತ್ತದೆ.

ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಪುಸ್ತಕಗಳ ಮಾತೇ ಬೇರೆ. ಇಲ್ಲಿ ಪಾಠದ ಆರಂಭದಲ್ಲೇ ಲೆಕ್ಕಗಳನ್ನು ಮುಂದಿಡುತ್ತಾರೆ. ಮಗು ಮೊದಲು ಒದ್ದಾಡಬೇಕು, ಆಮೇಲೆ ವಿವರಣೆ ಓದಬೇಕು. ಬಿಡಿಸುವಾಗ ತಪ್ಪು ದಾರಿ ಹಿಡಿದರೆ ಅದು ಎಲ್ಲಿ ನಿಂತುಹೋಗುತ್ತದೆ ಎಂಬುದನ್ನೂ ಕೆಲವೆಡೆ ತೋರಿಸುತ್ತಾರೆ. ಎಲ್ಲ ಲೆಕ್ಕಗಳಿಗೂ ಪೂರ್ಣ ಪರಿಹಾರದ ಪುಸ್ತಕ ಬೇರೆಯಾಗಿ ಸಿಗುತ್ತದೆ. ಸ್ಥಾಪಕ ರಿಚರ್ಡ್ ರಸ್ಚಿಕ್ ಮಾಡಿದ ವೀಡಿಯೊಗಳು ಮತ್ತು ಆಲ್ಕ್ಯೂಮಸ್ ಎಂಬ ಅಭ್ಯಾಸ ವ್ಯವಸ್ಥೆ ಉಚಿತವಾಗಿವೆ. ಆಲ್ಕ್ಯೂಮಸ್ ಮಗುವಿನ ಮಟ್ಟ ನೋಡಿಕೊಂಡು ಲೆಕ್ಕದ ಕಠಿಣತೆಯನ್ನು ಏರಿಸುತ್ತದೆ, ಇಳಿಸುತ್ತದೆ. ಎಣಿಕೆ, ಸಂಭವನೀಯತೆ, ಸಂಖ್ಯಾಸಿದ್ಧಾಂತ ಇವುಗಳಿಗೆ ಹದಿಹರೆಯದವರಿಗಾಗಿ ಪ್ರತ್ಯೇಕ ಪುಸ್ತಕಗಳೇ ಇವೆ. ಉಳಿದ ಪಠ್ಯಕ್ರಮಗಳಲ್ಲಿ ಇವು ಒಂದೊಂದು ಅಧ್ಯಾಯಕ್ಕೆ ಮುಗಿದುಹೋಗುತ್ತವೆ.

ನನಗೆ ಈ ಪುಸ್ತಕಗಳ ಮೇಲೆ ಪ್ರೀತಿ ಹೆಚ್ಚು, ಅದನ್ನು ಒಪ್ಪಿಕೊಂಡೇ ಎಚ್ಚರಿಸುತ್ತೇನೆ. ಅರ್ಧ ಗಂಟೆ ಒಂದು ಲೆಕ್ಕದ ಮುಂದೆ ಕುಳಿತು ಬಿಡಿಸಲಾಗದೆ ಏಳುವುದನ್ನು ಸಹಿಸುವ ಮನಸ್ಸು ಇದಕ್ಕೆ ಬೇಕು. ಆ ಸಹನೆ ಬುದ್ಧಿವಂತಿಕೆಗಿಂತ ಬೇರೆಯದು. ಚುರುಕಾದ ಮಗು ಕೂಡ ‘ನನಗೆ ಬರುವುದಿಲ್ಲ’ ಎಂದು ಕುಸಿಯಬಹುದು. ನೆರೆಮನೆಯ ಮಗು ಇದನ್ನೇ ಮಾಡುತ್ತಿದೆ ಎಂಬ ಕಾರಣಕ್ಕೆ ಕೊಂಡ ಮನೆಗಳಲ್ಲಿ ಇವು ಬೀರು ಸೇರಿರುವುದನ್ನು ನೋಡಿದ್ದೇನೆ. ವಾರಕ್ಕೊಂದು ದಿನ ಮುಖ್ಯ ಪಠ್ಯದ ಜೊತೆಗೆ ಇದರ ನಾಲ್ಕು ಲೆಕ್ಕ ಕೊಟ್ಟು ನೋಡಿ. ಮಗು ತಾನಾಗಿ ಐದನೆಯದನ್ನು ಕೇಳಿದರೆ ಆಗ ಯೋಚಿಸಿ.

ಅಲೆಕ್ಸ್ ಬಗ್ಗೆ ಚಿಕ್ಕದಾಗಿ ಹೇಳಬಹುದು. ಇದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಆವರಣದಲ್ಲಿ 1990ರ ದಶಕದಲ್ಲಿ ರೂಪುಗೊಂಡ, ಕಂಪ್ಯೂಟರ್ ಮೂಲಕ ಗಣಿತ ಕಲಿಸುವ ವ್ಯವಸ್ಥೆ. ಆರಂಭದಲ್ಲೇ ಸುಮಾರು ಮೂವತ್ತು ಪ್ರಶ್ನೆಗಳ ತಪಾಸಣೆ ಮಾಡಿ, ಮಗುವಿಗೆ ಏನು ಗೊತ್ತು, ಈಗ ಏನು ಕಲಿಯಲು ಸಿದ್ಧವಿದೆ ಎಂಬುದನ್ನು ವೃತ್ತಾಕಾರದ ಚಿತ್ರದಲ್ಲಿ ತೋರಿಸುತ್ತದೆ. ಆಗಾಗ ಮತ್ತೆ ತಪಾಸಣೆ ಮಾಡಿ, ಮರೆತದ್ದನ್ನು ವೃತ್ತದಿಂದ ಕಳೆದುಬಿಡುತ್ತದೆ. ಆ ಕಳೆಯುವಿಕೆ ಮಕ್ಕಳಿಗೆ ಅನ್ಯಾಯವೆನಿಸುತ್ತದೆ, ನನಗೆ ಪ್ರಾಮಾಣಿಕವೆನಿಸುತ್ತದೆ. ವಿವರಣೆಗಳು ಹೆಚ್ಚಾಗಿ ಬರಹದಲ್ಲಿವೆ, ಕೇಳಿ ಕಲಿಯುವ ಮಗುವಿಗೆ ಒಣಕಲು. ಬಿಟ್ಟುಹೋದ ಭಾಗಗಳನ್ನು ಹುಡುಕಿ ತುಂಬುವುದಕ್ಕೆ ಕೆಲವು ತಿಂಗಳು ಬಳಸುವುದು ಜಾಣತನ.

ಥಿಂಕ್‌ವೆಲ್ ಎಂಬ ವೀಡಿಯೊ ಪಠ್ಯಕ್ರಮದಲ್ಲಿ ಎಡ್ವರ್ಡ್ ಬರ್ಗರ್ ಎಂಬ ಗಣಿತ ಪ್ರಾಧ್ಯಾಪಕರು ಪಾಠ ಮಾಡುತ್ತಾರೆ. ಉತ್ಸಾಹ ತುಂಬಿದ ಮನುಷ್ಯ, ತಾನಾಗಿ ಓದುವ ದೊಡ್ಡ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ವೀಡಿಯೊಟೆಕ್ಸ್ಟ್ ಇಂಟರಾಕ್ಟಿವ್‌ನ ಬೀಜಗಣಿತದ ಪಾಠಗಳು ಕಿರಿದಾಗಿವೆ, ನಡುನಡುವೆ ನಿಲ್ಲಿಸಿ ಉತ್ತರಿಸಲು ಹೇಳುತ್ತವೆ. ‘ಏಕೆ’ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಜಾಗವಿದೆ. ಯಾವುದನ್ನು ಆರಿಸಿದರೂ ಜೊತೆಗೆ ಜಿಯೋಜೀಬ್ರಾ ಅಥವಾ ಡೆಸ್ಮೋಸ್ ಎಂಬ, ನಕ್ಷೆ ಬಿಡಿಸಿ ತೋರಿಸುವ ತಂತ್ರಾಂಶ ಇಟ್ಟುಕೊಳ್ಳಿ. ಎರಡೂ ಉಚಿತ. ಸಮೀಕರಣದ ಒಂದು ಸಂಖ್ಯೆಯನ್ನು ಎಳೆದು ಬದಲಿಸಿದಾಗ ನಕ್ಷೆ ಬಾಗುವುದನ್ನು ಮಗು ಕೈಯಾರೆ ನೋಡುತ್ತದಲ್ಲ, ಬಹುಮಾಧ್ಯಮ ಎಂಬ ಮಾತಿಗೆ ನಿಜವಾದ ಅರ್ಥ ಅಲ್ಲಿದೆ.

ಯಂತ್ರ ಓದಲಾರದ ಪುಟಗಳು

ರೇಖಾಗಣಿತದ ವರ್ಷ ಬಂದಾಗ ಒಂದು ಹೊಸ ಕಷ್ಟ ಎದುರಾಗುತ್ತದೆ. ಬೀಜಗಣಿತದಲ್ಲಿ ಉತ್ತರ ಒಂದು ಸಂಖ್ಯೆ, ಯಂತ್ರ ಅದನ್ನು ಹೋಲಿಸಿ ನೋಡಬಲ್ಲದು. ಪ್ರಮೇಯದ ಸಾಧನೆಯಲ್ಲಿ ಉತ್ತರವೇ ಒಂದು ವಾದ. ತಾನಾಗಿ ಅಂಕ ಹಾಕುವ ಬಹುತೇಕ ವ್ಯವಸ್ಥೆಗಳು ಸಾಧನೆಯ ಬಿಟ್ಟ ಸ್ಥಳ ತುಂಬಿಸುತ್ತವೆ, ಅಥವಾ ಕಾರಣಗಳನ್ನು ಪಟ್ಟಿಯಿಂದ ಆರಿಸಲು ಹೇಳುತ್ತವೆ. ಖಾಲಿ ಪುಟದಿಂದ ಆರಂಭಿಸಿ ಎರಡು ತ್ರಿಭುಜಗಳು ಸರ್ವಸಮ ಎಂದು ಬರೆದು ಒಪ್ಪಿಸುವುದು ಇದಲ್ಲ. ನನ್ನ ದೃಢವಾದ ಅಭಿಪ್ರಾಯ: ಆ ಒಂದು ವರ್ಷವಾದರೂ ಮಗುವಿನ ಬರಹವನ್ನು ಒಬ್ಬ ಮನುಷ್ಯ ಓದಬೇಕು. ಗಣಿತ ಬಲ್ಲ ಬಂಧುವೋ, ಕಾಲೇಜಿನಲ್ಲಿ ಓದುತ್ತಿರುವ ಪರಿಚಯದ ವಿದ್ಯಾರ್ಥಿಯೋ, ಹದಿನೈದು ದಿನಕ್ಕೊಮ್ಮೆ ಐದು ಸಾಧನೆಗಳನ್ನು ಓದಿ ‘ಈ ಸಾಲು ಹಿಂದಿನದರಿಂದ ಹೇಗೆ ಬಂತು’ ಎಂದು ಕೇಳಿದರೆ ಸಾಕು.

ನಾವು ಇದನ್ನು ತಡವಾಗಿ ಮಾಡಿದೆವು. ಮಗಳು ಬಿಟ್ಟ ಸ್ಥಳಗಳನ್ನೆಲ್ಲ ಸರಿಯಾಗಿ ತುಂಬಿ ರೇಖಾಗಣಿತ ಮುಗಿಸಿದ್ದಳು. ಸಂಬಂಧಿಕರೊಬ್ಬರು ಒಂದು ಸಾಧನೆ ಬರೆಯಲು ಹೇಳಿದಾಗ, ಯಾವುದನ್ನು ಸಾಧಿಸಬೇಕಿತ್ತೋ ಅದನ್ನೇ ಎರಡನೆಯ ಸಾಲಿನಲ್ಲಿ ಕಾರಣವಾಗಿ ಬರೆದಿದ್ದಳು. ಯಾವ ತಂತ್ರಾಂಶವೂ ಅವಳಿಗೆ ಅದನ್ನು ಹೇಳಿರಲಿಲ್ಲ, ಏಕೆಂದರೆ ಹಾಗೆ ತಪ್ಪು ಮಾಡಲು ಅವಕಾಶವನ್ನೇ ಕೊಟ್ಟಿರಲಿಲ್ಲ.

ಕೊಳ್ಳುವ ಮುಂಚೆ ಒಂದು ವಾರ

ಜಾಹೀರಾತಿನ ಮಾದರಿ ಪಾಠವನ್ನು ನೋಡಿ ತೀರ್ಮಾನಿಸಬೇಡಿ, ಅವರು ತಮ್ಮ ಅತ್ಯುತ್ತಮ ಪಾಠವನ್ನೇ ಅಲ್ಲಿ ಇಟ್ಟಿರುತ್ತಾರೆ. ಮಗುವಿಗೆ ಈಗಾಗಲೇ ಕಾಟ ಕೊಡುತ್ತಿರುವ ಒಂದು ವಿಷಯವನ್ನು ಆರಿಸಿ. ಹೆಚ್ಚಿನ ಮನೆಗಳಲ್ಲಿ ಅದು ಭಿನ್ನರಾಶಿ, ಇಲ್ಲವೇ ಆವರಣ ಚಿಹ್ನೆಯ ಎಡಕ್ಕೆ ಕುಳಿತ ಋಣ ಚಿಹ್ನೆ. ಉಚಿತ ಪ್ರಯೋಗದ ಅವಧಿಯಲ್ಲಿ ಆ ಪಾಠಕ್ಕೆ ನೇರವಾಗಿ ಹೋಗಿ, ಮೊದಲು ನೀವೇ ಕುಳಿತು ಬೇಕೆಂದೇ ತಪ್ಪು ಉತ್ತರ ಕೊಡಿ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ಮಾಡಿ. ಪರದೆ ಏನು ಹೇಳುತ್ತದೆ? ಬರೀ ‘ತಪ್ಪು’ ಎನ್ನುತ್ತದೆಯೇ, ಸರಿಯುತ್ತರವನ್ನು ಮುಖಕ್ಕೆ ಹಿಡಿಯುತ್ತದೆಯೇ, ಇನ್ನೊಮ್ಮೆ ಯೋಚಿಸಲು ಬಿಡುತ್ತದೆಯೇ, ಹಂತಗಳನ್ನು ತೋರಿಸುತ್ತದೆಯೇ, ಅದೇ ಬಗೆಯ ಹೊಸ ಲೆಕ್ಕವನ್ನು ಮತ್ತೆ ತಂದಿಡುತ್ತದೆಯೇ? ಏನೂ ಕಲಿಯದೆ ಪಾಠದ ಕೊನೆ ಮುಟ್ಟಲು ಸಾಧ್ಯವೇ ಎಂದೂ ಪರೀಕ್ಷಿಸಿ. ನಿಮಗೆ ಸಾಧ್ಯವಾದರೆ ನಿಮ್ಮ ಮಗುವಿಗೆ ಇನ್ನೂ ಸುಲಭ.

ಆಮೇಲೆ ಮಗು ಅದೇ ಪಾಠ ಮಾಡಲಿ. ಪಕ್ಕದಲ್ಲಿ ಕುಳಿತುಕೊಳ್ಳಬೇಡಿ. ಐದು ದಿನ ಬಿಟ್ಟು, ಪರದೆ ಮುಚ್ಚಿಸಿ, ಆ ಪಾಠದ ಮೂರು ಲೆಕ್ಕಗಳನ್ನು ಬೇರೆ ಪಾಠದ ಮೂರರ ಜೊತೆ ಕಲೆಸಿ ಕಾಗದದ ಮೇಲೆ ಕೊಡಿ. ಪಠ್ಯಕ್ರಮ ಕಲಿಸಿತೋ ಇಲ್ಲವೋ ಎಂಬುದಕ್ಕೆ ನನಗೆ ಇದಕ್ಕಿಂತ ನಂಬಿಕೆಯ ಅಳತೆ ಸಿಕ್ಕಿಲ್ಲ. ಮಗುವಿನ ಅಭಿಪ್ರಾಯವನ್ನೂ ಕೇಳಿ, ಆದರೆ ‘ಇಷ್ಟವಾಯಿತೇ’ ಎಂದಲ್ಲ. ‘ತಪ್ಪಾದಾಗ ಏನು ಮಾಡಿದೆ’ ಎಂದು ಕೇಳಿ.

ವಯಸ್ಸು ನೋಡಿ ಮಟ್ಟ ಆರಿಸುವುದು ಅತಿ ದುಬಾರಿಯಾದ ತಪ್ಪು. ಹದಿನಾಲ್ಕು ತುಂಬಿದೆ, ಬೀಜಗಣಿತ ಆರಂಭಿಸಲೇಬೇಕು ಎಂಬ ಆತುರದಲ್ಲಿ ಭಿನ್ನರಾಶಿಗಳ ಭಾಗಾಕಾರ ಬಾರದ ಮಗುವನ್ನು ಸಮೀಕರಣಗಳಿಗೆ ತಳ್ಳುತ್ತೇವೆ. ಆಮೇಲೆ ತಪ್ಪುವ ಪ್ರತಿ ಲೆಕ್ಕವನ್ನೂ ಬೀಜಗಣಿತದ ತಲೆಗೆ ಕಟ್ಟುತ್ತೇವೆ. ಮಟ್ಟ ನಿರ್ಧಾರದ ಪರೀಕ್ಷೆ ಒಂದು ಮೆಟ್ಟಿಲು ಕೆಳಗೆ ಹೋಗಲು ಹೇಳಿದರೆ ಹೋಗಿ. ನಾಲ್ಕು ತಿಂಗಳಲ್ಲಿ ಆ ಮೆಟ್ಟಿಲು ಹತ್ತಬಹುದು. ಹತ್ತದೆ ಬಿಟ್ಟರೆ ನಾಲ್ಕು ವರ್ಷವೂ ಕಾಡುತ್ತದೆ.

ತಂದೆತಾಯಿಗೆ ಉಳಿಯುವ ಕೆಲಸ

ಸ್ವಕಲಿಕೆ ಎಂದರೆ ತಂದೆತಾಯಿ ಕೈತೊಳೆದುಕೊಳ್ಳುವುದಲ್ಲ. ಗಣಿತ ಬಾರದಿದ್ದರೂ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ವಾರಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಈಗ ಪರದೆಯ ಮೇಲಿನ ಲೆಕ್ಕಗಳನ್ನೂ ನೋಟ್‌ಬುಕ್‌ನಲ್ಲಿ ಪೂರ್ತಿ ಹಂತಗಳೊಂದಿಗೆ ಮಾಡಿಯೇ ಉತ್ತರ ಒತ್ತಬೇಕು. ತಪ್ಪಾದರೆ ರಬ್ಬರ್ ಮುಟ್ಟುವಂತಿಲ್ಲ. ಒಂದು ಗೆರೆ ಹೊಡೆದು, ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ಎಲ್ಲಿ ಜಾರಿದೆ ಎಂದು ಒಂದು ವಾಕ್ಯ ಬರೆಯಬೇಕು. ‘ಗಮನ ತಪ್ಪಿತು’ ಎಂಬ ವಾಕ್ಯಕ್ಕೆ ಮನ್ನಣೆ ಇಲ್ಲ, ಯಾವ ಸಾಲಿನಲ್ಲಿ ಏನಾಯಿತು ಎಂದು ಹೇಳಬೇಕು. ಶನಿವಾರ ನಾನು ಆ ವಾಕ್ಯಗಳನ್ನಷ್ಟೇ ಓದುತ್ತೇನೆ, ಒಂದನ್ನು ಆರಿಸಿ ‘ಇದನ್ನು ನನಗೆ ಹೇಳಿಕೊಡು’ ಎನ್ನುತ್ತೇನೆ. ನನಗೆ ಅರ್ಥವಾಗದಿದ್ದರೆ ಅದು ನಟನೆಯಲ್ಲ. ಅದಕ್ಕೇ ಇರಬೇಕು, ಮಗ ನನಗೆ ಕಲಿಸುವಾಗ ಅಷ್ಟು ತಾಳ್ಮೆ ತೋರಿಸುತ್ತಾನೆ.

ಪಠ್ಯಕ್ರಮ ಬದಲಿಸುವ ಮಾತು ಎಲ್ಲ ಮನೆಗಳಲ್ಲೂ ಒಂದಲ್ಲ ಒಂದು ದಿನ ಬರುತ್ತದೆ. ಎರಡು ವಾರದ ಬೇಸರಕ್ಕೆ ಬದಲಿಸಬೇಡಿ, ಗಣಿತದಲ್ಲಿ ಅಂಥ ವಾರಗಳು ಬಂದೇ ಬರುತ್ತವೆ. ಕಲೆಸಿ ಕೊಟ್ಟ ಕಾಗದದ ಪರೀಕ್ಷೆಯಲ್ಲಿ ಎರಡು ತಿಂಗಳು ಸತತವಾಗಿ ಹತ್ತರಲ್ಲಿ ಆರೂ ಬರದಿದ್ದರೆ, ಅಥವಾ ಬರೆದ ತಪ್ಪುಗಳೇ ಮತ್ತೆ ಮತ್ತೆ ಬರುತ್ತಿದ್ದರೆ, ಆಗ ಬದಲಿಸಿ. ಸಾಧ್ಯವಾದರೆ ಒಂದು ಮಟ್ಟ ಮುಗಿದ ಗಡಿಯಲ್ಲಿ ಬದಲಿಸುವುದು ಮೇಲು, ಏಕೆಂದರೆ ಒಂದರಲ್ಲಿ ಮೂರನೆಯ ತಿಂಗಳಿಗೆ ಬರುವ ವಿಷಯ ಇನ್ನೊಂದರಲ್ಲಿ ಹತ್ತನೆಯ ತಿಂಗಳಿಗೆ ಬರಬಹುದು, ನಡುವೆ ಹಾರಿದರೆ ಕಂದಕ ಬೀಳುತ್ತದೆ. ಹಳೆಯ ನೋಟ್‌ಬುಕ್‌ಗಳನ್ನು ಎಸೆಯಬೇಡಿ. ಹೊಸ ಪಠ್ಯಕ್ರಮದ ಮೊದಲ ತಿಂಗಳಿನಲ್ಲಿ ಮಗುವಿಗೆ ಯಾವ ಪಾಠವನ್ನು ನಿಧಾನವಾಗಿ ಮಾಡಿಸಬೇಕು, ಯಾವುದನ್ನು ಓಡಿಸಬಹುದು ಎಂಬುದು ಆ ಬಣ್ಣದ ಪೆನ್ನಿನ ವಾಕ್ಯಗಳಲ್ಲಿ ಸಿಗುತ್ತದೆ.